ಯಾವ ದಿನವೂ ಹೋಗದ 200 ದೋಸೆ

ಜೂನ್ 29ರಂದು ದಾವಣಗೆರೆಯ ಕಾಲೇಜೊಂದರಲ್ಲಿ ಬಿ.ಕಾಂ., ಬಿ.ಬಿ.ಎ. ಮತ್ತು ಬಿ.ಎ. ಅರ್ಥಶಾಸ್ತ್ರದ ಮೊದಲ ವರ್ಷದವರ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಬೋರ್ಡ್ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಿಂದಿನ ಬೆಂಚು ತುಂಬಿವೆ, ಮುಂದಿನವು ಖಾಲಿ. ಸಂಖ್ಯಾಶಾಸ್ತ್ರ ಅಂದರೆ ಯಾವಾಗಲೂ ಹೀಗೇ, ನನಗೆ ಬೇಜಾರಿಲ್ಲ. ಮೊನ್ನೆ ಕಾರಿಡಾರಿನಲ್ಲಿ ಒಬ್ಬ ಹುಡುಗ ಹೇಳುತ್ತಿದ್ದ, "ಕಾಮರ್ಸ್ ತಗೊಂಡಿದ್ದೇ ಗಣಿತ ತಪ್ಪಿಸ್ಕೊಳ್ಳೋಕೆ. ಇಲ್ಲೂ ಬಂತಲ್ಲಪ್ಪಾ!" ಅವನು ಇಲ್ಲೇ ಎಲ್ಲೋ ಕೂತಿದ್ದಾನೆ. ಹೆಸರು ಹೇಳಲ್ಲ, ಹೆದರಬೇಡ.

ನಾನೂ ಹಾಗೇ ಅಂದುಕೊಂಡು ಬಿ.ಕಾಂ. ಸೇರಿದವಳು. ಇದೇ ಊರಲ್ಲಿ ಓದಿದೆ. ಸಂಖ್ಯಾಶಾಸ್ತ್ರದಲ್ಲಿ ಅಂಕ ಚೆನ್ನಾಗೇ ಬರುತ್ತಿತ್ತು. ಆದರೆ ವಿಷಯ ಅರ್ಥ ಆಗಿರಲಿಲ್ಲ. ಎರಡೂ ಬೇರೆ ಅಂತ ಗೊತ್ತಾಗಿದ್ದು ನಮ್ಮ ಚಿಕ್ಕಪ್ಪನ ಹೋಟೆಲಿನಲ್ಲಿ.

ಚಿಕ್ಕಪ್ಪನದು ಆರು ಟೇಬಲ್ಲಿನ ಸಣ್ಣ ಬೆಣ್ಣೆ ದೋಸೆ ಹೋಟೆಲು. ದಿನಾ ರಾತ್ರಿ ಎಷ್ಟು ಹಿಟ್ಟು ರುಬ್ಬಬೇಕು ಅನ್ನೋದೇ ಅವರ ತಲೆನೋವು. ಜಾಸ್ತಿ ರುಬ್ಬಿದರೆ ಮಾರನೇ ದಿನಕ್ಕೆ ಹುಳಿ. ಕಮ್ಮಿ ರುಬ್ಬಿದರೆ ಗಿರಾಕಿ ಬಾಗಿಲಿನಿಂದಲೇ ವಾಪಸ್. ಅಣ್ಣನ ಮಗಳು ಕಾಲೇಜಿನಲ್ಲಿ ಲೆಕ್ಕ ಓದುತ್ತಿದ್ದಾಳಲ್ಲ ಅಂತ ನನ್ನನ್ನೇ ಕೇಳಿದರು. ನಾನು ಒಂದು ವಾರದ ವ್ಯಾಪಾರ ಬರೆಸಿಕೊಂಡೆ. ಅಂಕಿಗಳು ಹೆಚ್ಚುಕಮ್ಮಿ ಹೀಗಿದ್ದವು. ಲೆಕ್ಕ ಸುಲಭವಾಗಲಿ ಅಂತ ಸ್ವಲ್ಪ ಹತ್ತರ ಲೆಕ್ಕಕ್ಕೆ ಹೊಂದಿಸಿದ್ದೇನೆ. ಸೋಮವಾರ 150, ಮಂಗಳವಾರ 140, ಬುಧವಾರ 160, ಗುರುವಾರ 150, ಶುಕ್ರವಾರ 170, ಶನಿವಾರ 260, ಭಾನುವಾರ 370.

ಕೂಡಿಸಿ. 1,400. ಏಳರಿಂದ ಭಾಗಿಸಿ. 200. "ಚಿಕ್ಕಪ್ಪ, ದಿನಕ್ಕೆ 200 ದೋಸೆಗೆ ಆಗೋಷ್ಟು ರುಬ್ಬಿಸಿ" ಅಂದೆ. ಅವರು ಪಾಪ ನಂಬಿದರು.

ಮುಂದಿನ ವಾರವೂ ವ್ಯಾಪಾರ ಹೆಚ್ಚುಕಮ್ಮಿ ಹಾಗೇ ಇತ್ತು. ಸೋಮವಾರದಿಂದ ಶುಕ್ರವಾರದ ತನಕ ಕ್ರಮವಾಗಿ 50, 60, 40, 50, 30 ದೋಸೆಯ ಹಿಟ್ಟು ಮಿಕ್ಕಿತು. ಒಟ್ಟು 230. ಶನಿವಾರ 60, ಭಾನುವಾರ 170 ದೋಸೆಗೆ ಹಿಟ್ಟು ಸಾಲಲಿಲ್ಲ. ಅದೂ ಒಟ್ಟು 230. ನಾನು ಖುಷಿಯಿಂದ, "ನೋಡಿ, ಮಿಕ್ಕಿದ್ದೂ ಸಾಲದ್ದೂ ಸರಿಹೋಯ್ತು" ಅಂದೆ. ಚಿಕ್ಕಪ್ಪ ಗಲ್ಲಾದ ಹಿಂದೆ ಕೂತು ನನ್ನ ಮುಖವನ್ನೇ ನೋಡಿದರು. "ನಿನ್ನ ಲೆಕ್ಕದಾಗೆ ಸರಿ ಹೋಯ್ತವ್ವಾ. ನನ್ನ ಗಲ್ಲಾದಾಗೆ ಎರಡು ಸಲ ಹೋಯ್ತು" ಅಂದರು.

ಆ ಮಾತನ್ನು ಬರೆದುಕೊಳ್ಳಿ. ಯಾವ ಪಠ್ಯಪುಸ್ತಕವೂ ಮಾನಕ ವಿಚಲನೆಯನ್ನು, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಏರುಪೇರಾಗಿವೆ ಅನ್ನೋದನ್ನು, ಇಷ್ಟು ಚೆನ್ನಾಗಿ ಹೇಳಿಲ್ಲ.

ಹೇಗೆ ಅಂತೀರಾ? ಪ್ರತಿ ದಿನದ ವ್ಯಾಪಾರದಿಂದ ಸರಾಸರಿ 200 ಕಳೆದು ನೋಡಿ. ಮೈನಸ್ 50, ಮೈನಸ್ 60, ಮೈನಸ್ 40, ಮೈನಸ್ 50, ಮೈನಸ್ 30, ಪ್ಲಸ್ 60, ಪ್ಲಸ್ 170. ಎಲ್ಲ ಕೂಡಿಸಿದರೆ ಸೊನ್ನೆ. ಯಾವ ಅಂಕಿಗಳನ್ನು ತಗೊಂಡರೂ ಸೊನ್ನೆಯೇ ಬರುತ್ತದೆ, ಸರಾಸರಿಯ ಗುಣವೇ ಅದು. ಆದರೆ ಮಿಕ್ಕ ಹಿಟ್ಟೂ ನಷ್ಟ, ವಾಪಸ್ ಹೋದ ಗಿರಾಕಿಯೂ ನಷ್ಟ. ಒಂದು ನಷ್ಟ ಇನ್ನೊಂದನ್ನು ತುಂಬಿಕೊಡಲ್ಲ. ಹಾಗಾಗಿ ಮೈನಸ್ಸು ಪ್ಲಸ್ಸನ್ನು ತಿಂದುಹಾಕದ ಹಾಗೆ ಏನಾದರೂ ಮಾಡಬೇಕು. ಅದಕ್ಕೇ ವರ್ಗ ಮಾಡುವುದು. 2,500, 3,600, 1,600, 2,500, 900, 3,600, 28,900. ಒಟ್ಟು 43,600. ಏಳರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 79. ಅದೇ ಮಾನಕ ವಿಚಲನೆ.

ಸರಾಸರಿ 200, ಏರುಪೇರು 79. ಈ ಎರಡನೇ ಅಂಕಿ ಕೇಳಿದ್ದಿದ್ದರೆ ಚಿಕ್ಕಪ್ಪ ಅವತ್ತೇ ನನ್ನ ಸಲಹೆಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಇನ್ನೊಂದು ತಮಾಷೆ ನೋಡಿ. ಆ ವಾರದಲ್ಲಿ ಯಾವ ದಿನವೂ 200 ದೋಸೆ ಹೋಗಿಲ್ಲ. ಹತ್ತಿರಕ್ಕೂ ಬಂದಿಲ್ಲ. ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ, 160. ಬಹುಲಕ, ಅಂದರೆ ಹೆಚ್ಚು ಸಲ ಬಂದ ಅಂಕಿ, 150. ಸರಾಸರಿಯನ್ನು 200ಕ್ಕೆ ಎಳೆದುಕೊಂಡು ಹೋಗಿದ್ದು ಶನಿವಾರ, ಭಾನುವಾರ ಎರಡೇ.

ಈ ಕೋರ್ಸಿನ ಬಗ್ಗೆ ನಾನು ಹೇಳಬೇಕಾದದ್ದೂ ಇಷ್ಟೇ. ಸರಾಸರಿ ಕಲಿಯೋಕೆ ಯಾರೂ ಕಾಲೇಜಿಗೆ ಬರಬೇಕಾಗಿಲ್ಲ. ಕ್ರಿಕೆಟ್ ನೋಡುವ ಮೂರನೇ ಕ್ಲಾಸ್ ಹುಡುಗನಿಗೂ ಅದು ಬರುತ್ತದೆ. ಕೋರ್ಸ್ ಇರುವುದು ಏರುಪೇರಿನ ಬಗ್ಗೆ. ಎಷ್ಟು ಏರುಪೇರು, ಯಾಕೆ, ಅದರಲ್ಲಿ ಎಷ್ಟಕ್ಕೆ ಕಾರಣ ಸಿಗುತ್ತದೆ, ಎಷ್ಟು ಸುಮ್ನೆ ಆದದ್ದು. ನಿಮ್ಮ ಸಿಲಬಸ್ಸಿನ ಅಧ್ಯಾಯಗಳು ಬೇರೆ ಬೇರೆ ಹೆಸರು ಹೊತ್ತಿವೆ. ಕೇಳುವ ಪ್ರಶ್ನೆ ಇದೊಂದೇ.

ದೋಸೆ ಲೆಕ್ಕವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ವಾರದ ಐದು ದಿನ ಬೇರೆ, ಶನಿವಾರ ಭಾನುವಾರ ಬೇರೆ ಅಂತ ಇಟ್ಟುಕೊಳ್ಳಿ. ಐದು ದಿನದ ಸರಾಸರಿ 154. ಶನಿವಾರ ಭಾನುವಾರದ ಸರಾಸರಿ 315. ಈಗ ಪ್ರತಿ ದಿನವನ್ನೂ ಅದರದೇ ಗುಂಪಿನ ಸರಾಸರಿಯ ಪಕ್ಕ ನಿಲ್ಲಿಸಿ, ವ್ಯತ್ಯಾಸ ವರ್ಗ ಮಾಡಿ ಕೂಡಿಸಿ. 6,570 ಬರುತ್ತದೆ. ಮೊದಲು ಎಷ್ಟಿತ್ತು? 43,600. ಅಂದರೆ ಏರುಪೇರಿನಲ್ಲಿ ಶೇ. 85ರಷ್ಟಕ್ಕೆ "ವಾರದ ಕೊನೆ" ಅನ್ನೋ ಒಂದೇ ಕಾರಣ ಸಾಕಾಯಿತು. ಉಳಿದದ್ದು ಮಳೆ, ಮದುವೆ, ಮ್ಯಾಚು, ದೇವರೇ ಬಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಒಂದರಿಂದ ಇನ್ನೊಂದನ್ನು ಅಂದಾಜು ಮಾಡುವ ರಿಗ್ರೆಷನ್ ಅಂತ ಬರುತ್ತದಲ್ಲ, ಅಲ್ಲಿ ಆರ್-ಸ್ಕ್ವೇರ್ ಅಂತ ಒಂದು ಅಂಕಿಗೆ ಎಲ್ಲರೂ ಹೆದರುತ್ತಾರಲ್ಲ, ಅದು ಇದೇ. 0.85. ಚಿಕ್ಕಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ನನ್ನ ಸಲಹೆ ಬಿಟ್ಟ ಮೇಲೆ ಅವರು ಶುಕ್ರವಾರ ರಾತ್ರಿಯಿಂದ ಡಬಲ್ ರುಬ್ಬಿಸೋಕೆ ಶುರುಮಾಡಿದರು.

ಮಾನಕ ವಿಚಲನೆ ತೆಗೆಯುವಾಗ ಕೆಲವು ಸಲ ಏಳರ ಬದಲು ಆರರಿಂದ ಯಾಕೆ ಭಾಗಿಸುತ್ತಾರೆ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಭಾನುವಾರದ ಅಂಕಿಯನ್ನು ಕೈಯಿಂದ ಮುಚ್ಚಿ. ಉಳಿದ ಆರು ವ್ಯತ್ಯಾಸ ಕೂಡಿದರೆ ಮೈನಸ್ 170. ಒಟ್ಟು ಸೊನ್ನೆ ಆಗಲೇಬೇಕು ಅಂತ ನಮಗೆ ಗೊತ್ತು. ಹಾಗಾದರೆ ಮುಚ್ಚಿದ ಅಂಕಿ ಪ್ಲಸ್ 170 ಅಂತ ನೋಡದೆಯೇ ಹೇಳಬಹುದು, ಅಲ್ವಾ? ಏಳು ವ್ಯತ್ಯಾಸ ಇದ್ದರೂ ಹೊಸದಾಗಿ ಏನಾದರೂ ಹೇಳುವವು ಆರೇ. ಒಂದು ವಾರ ನೋಡಿ ವರ್ಷದ ಏರುಪೇರು ಅಂದಾಜು ಮಾಡುವಾಗ ಆರರಿಂದ ಭಾಗಿಸಬೇಕು. ಆಗ 79ರ ಬದಲು 85 ಬರುತ್ತದೆ. ಇದನ್ನು ಬಾಯಿಪಾಠ ಮಾಡಬೇಡಿ, ಕೈಯಿಂದ ಮುಚ್ಚಿ ನೋಡಿ.

ಇನ್ನು ಮಾದರಿ, ಅಂದರೆ ಸ್ಯಾಂಪಲ್ಲು. ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು ಅಂತ ನಮ್ಮಲ್ಲಿ ಮಾತಿದೆ. ಯಾಕೆ ಸಾಕು? ಪಾತ್ರೆ ಒಂದೇ, ನೀರು ಒಂದೇ, ಉರಿ ಒಂದೇ. ಅಗುಳಿಗೂ ಅಗುಳಿಗೂ ವ್ಯತ್ಯಾಸ ಕಮ್ಮಿ. ಮನೆಯ ಕುಕ್ಕರ್ ಆಗಲಿ, ಮದುವೆ ಮನೆಯ ಕೊಪ್ಪರಿಗೆ ಆಗಲಿ, ಚೆನ್ನಾಗಿ ತಿರುವಿದ್ದರೆ ಎರಡು ಅಗುಳು ಸಾಕು. ಕೊಪ್ಪರಿಗೆ ನೂರು ಪಟ್ಟು ದೊಡ್ಡದು ಅಂತ ಯಾರೂ ನೂರು ಪಟ್ಟು ಅಗುಳು ಹಿಸುಕಲ್ಲ.

ಈಗ ನಮ್ಮ ಎಪಿಎಂಸಿ ಯಾರ್ಡಿಗೆ ಬನ್ನಿ. ಮೆಕ್ಕೆಜೋಳದ ಸೀಸನ್ನು. ಖರೀದಿದಾರರ ಕೈಯಲ್ಲಿ ಒಂದು ಚೂಪಾದ ಕೊಳವೆ ಇರುತ್ತದೆ. ಚೀಲಕ್ಕೆ ಚುಚ್ಚಿದರೆ ಒಳಗಿನ ಕಾಳು ಅಂಗೈಗೆ ಬೀಳುತ್ತದೆ. ಅವರು ಒಂದು ಚೀಲಕ್ಕೆ ಚುಚ್ಚಿ ಸುಮ್ಮನಾಗಲ್ಲ. ಮೇಲೊಂದು, ನಡುವಿನಲ್ಲೊಂದು, ಗೋಡೆ ಕಡೆ ಅಡಗಿ ಕೂತಿರುವ ಚೀಲಕ್ಕೊಂದು. ಯಾಕಂದರೆ ಇಲ್ಲಿ ಏರುಪೇರು ಜಾಸ್ತಿ. ಒಂದು ಚೀಲ ಕಣದಲ್ಲಿ ಚೆನ್ನಾಗಿ ಒಣಗಿರುತ್ತದೆ, ಇನ್ನೊಂದು ಮಳೆಯಲ್ಲಿ ನೆಂದಿರುತ್ತದೆ. ಎದುರಿಗಿರುವ ಚೀಲಗಳು ಯಾವಾಗಲೂ ಚೆಂದವೇ ಇರುತ್ತವೆ, ಅದೂ ಅವರಿಗೆ ಗೊತ್ತು. ಪುಸ್ತಕದಲ್ಲಿ "ಯಾದೃಚ್ಛಿಕ ಮಾದರಿ" ಅಂತ ಉಸಿರು ಕಟ್ಟುವ ಪದ ಇದೆಯಲ್ಲ, ನಮಗೆ ಬೇಕಾದ್ದನ್ನು ಆರಿಸದೆ ಚೀಟಿ ಎತ್ತಿದ ಹಾಗೆ ಆರಿಸುವುದು, ಅದು ಯಾಕೆ ಬೇಕು ಅಂತ ನೋಡಬೇಕಾದರೆ ಒಂದು ಬೆಳಗ್ಗೆ ಯಾರ್ಡಿಗೆ ಹೋಗಿ ನಿಂತುಕೊಳ್ಳಿ.

ಎಷ್ಟು ಚುಚ್ಚಬೇಕು ಅನ್ನೋದು ಲಾಟ್ ಎಷ್ಟು ದೊಡ್ಡದು ಅನ್ನೋದಕ್ಕಿಂತ ಒಳಗಿನ ಏರುಪೇರು ಎಷ್ಟು ಅನ್ನೋದರ ಮೇಲೆ ನಿಂತಿದೆ. ಸೂತ್ರವೂ ಇದನ್ನೇ ಹೇಳುತ್ತದೆ. ಅಂದಾಜಿನಲ್ಲಿ ಎಷ್ಟು ತಪ್ಪು ಇರಬಹುದು ಅಂತ ತಿಳಿಯೋಕೆ ಮಾನಕ ವಿಚಲನೆಯನ್ನು ಮಾದರಿ ಗಾತ್ರದ ವರ್ಗಮೂಲದಿಂದ ಭಾಗಿಸಿ ಅಂತ. ಆ ವರ್ಗಮೂಲ ಇದೆಯಲ್ಲ, ಅದು ಸ್ವಲ್ಪ ಜಿಪುಣ. ತಪ್ಪು ಅರ್ಧ ಆಗಬೇಕಾದರೆ ಡಬಲ್ ಚುಚ್ಚಿದರೆ ಸಾಲದು, ನಾಲ್ಕು ಪಟ್ಟು ಚುಚ್ಚಬೇಕು.

ದೇಶದ ಲೆಕ್ಕವೂ ಹೀಗೇ ನಡೆಯುತ್ತದೆ. 2022-23ರಲ್ಲಿ ಮನೆಗಳ ಖರ್ಚಿನ ಸಮೀಕ್ಷೆ ಆಯಿತು. 140 ಕೋಟಿ ಜನರ ದೇಶದಲ್ಲಿ ಕೇಳಿದ್ದು 2,61,746 ಮನೆಗಳನ್ನು. ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 3,773 ರೂಪಾಯಿ ಖರ್ಚು, ಪಟ್ಟಣದಲ್ಲಿ 6,459 ಅಂತ ಬಂತು. ಪೇಪರಿನಲ್ಲಿ ಈ ಎರಡೇ ಅಂಕಿ ದಪ್ಪಕ್ಷರದಲ್ಲಿ ಬರುತ್ತವೆ. ನೀವು ಅಲ್ಲಿಗೇ ನಿಲ್ಲಬೇಡಿ, ಪಕ್ಕದ ಅಂಕಿ ಹುಡುಕಿ. ಹಳ್ಳಿಗಳಲ್ಲೇ ತೀರಾ ಕೆಳಗಿನ ಶೇ. 5 ಜನರ ಖರ್ಚು 1,373 ರೂಪಾಯಿ, ಮೇಲಿನ ಶೇ. 5 ಜನರದು 10,501. ಜಗಳೂರಿನ ಕೂಲಿಯವರೂ ಚನ್ನಗಿರಿಯ ದೊಡ್ಡ ಅಡಿಕೆ ತೋಟದವರೂ ಒಂದೇ 3,773ರ ಒಳಗೆ ಕೂತಿದ್ದಾರೆ. ನಿಮ್ಮ ಚಾಪ್ಟರಿನಲ್ಲಿ ಇದಕ್ಕೆ "ಪ್ರಸರಣ" ಅಂತ ಹೆಸರು. ನಾನು ಹರಡಿಕೆ ಅಂತೀನಿ.

ಇವತ್ತಿನ ದಿನದ ಬಗ್ಗೆಯೂ ಎರಡು ಮಾತು ಹೇಳಬೇಕು. ಜೂನ್ 29 ಪಿ.ಸಿ. ಮಹಾಲನೊಬಿಸ್ ಹುಟ್ಟಿದ ದಿನ, 1893ರಲ್ಲಿ. 2007ರಿಂದ ಇದನ್ನು ಸಂಖ್ಯಾಶಾಸ್ತ್ರ ದಿನ ಅಂತ ಆಚರಿಸುತ್ತಾರೆ. 1931ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದವರು ಅವರು. ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಹಿಡಿದು ಅಳೆದು ತೋರಿಸಿದರು. ಅವರ ಬಗ್ಗೆ ಭಾಷಣ ಎಲ್ಲ ಕಡೆ ಆಗುತ್ತದೆ. ನಾನು ನಮ್ಮ ಪಕ್ಕದವರ ಕಥೆ ಹೇಳುತ್ತೇನೆ.

ಇಲ್ಲಿಂದ ಹರಪನಹಳ್ಳಿ ದಾಟಿಕೊಂಡು ಹೋದರೆ ಹೂವಿನಹಡಗಲಿ. ನಿಮ್ಮಲ್ಲಿ ಕೆಲವರ ನೆಂಟರು ಅಲ್ಲಿ ಇರಬಹುದು. 1920ರ ಸೆಪ್ಟೆಂಬರ್ 10ರಂದು ಆ ಊರಲ್ಲಿ ಒಂದು ತೆಲುಗು ಮನೆಯಲ್ಲಿ ಎಂಟನೇ ಮಗು ಹುಟ್ಟಿತು. ಕೃಷ್ಣನೂ ಎಂಟನೆಯವನಲ್ವಾ, ಹಾಗಾಗಿ ರಾಧಾಕೃಷ್ಣ ಅಂತ ಹೆಸರಿಟ್ಟರು. ಅವರೇ ಸಿ.ಆರ್. ರಾವ್. ಮುಂದೆ ಕಲ್ಕತ್ತದಲ್ಲಿ ಪಾಠ ಮಾಡುತ್ತಿದ್ದರು. 1944ರ ಮಾತು, ಅವರಿಗಿನ್ನೂ 24 ವರ್ಷ ಆಗಿತ್ತೋ ಇಲ್ಲವೋ. ಕ್ಲಾಸಿನಲ್ಲಿ ಒಂದು ಫಲಿತಾಂಶ ಹೇಳಿದರು. ದೊಡ್ಡ ಮಾದರಿ ಇದ್ದಾಗ ಅಂದಾಜಿನ ಏರುಪೇರು ಇಷ್ಟಕ್ಕಿಂತ ಕಮ್ಮಿ ಆಗೋದಿಲ್ಲ ಅಂತ. ಒಬ್ಬ ವಿದ್ಯಾರ್ಥಿ ಕೇಳಿದ, "ಸಣ್ಣ ಮಾದರಿಗೂ ಇದನ್ನು ಸಾಧಿಸಬಹುದಲ್ವಾ ಸರ್?" ರಾವ್ ಮನೆಗೆ ಹೋಗಿ ರಾತ್ರಿಯೆಲ್ಲ ಕೂತು ಅದನ್ನು ಸಾಧಿಸಿ, ಮಾರನೇ ದಿನ ಕ್ಲಾಸಿಗೆ ತಂದರು. 1945ರಲ್ಲಿ ಅಚ್ಚಾಯಿತು. ಇವತ್ತು ಜಗತ್ತೆಲ್ಲ ಅದನ್ನು ಕ್ರಾಮರ್-ರಾವ್ ಮಿತಿ ಅಂತ ಕರೆಯುತ್ತದೆ. 2023ರಲ್ಲಿ, 102ನೇ ವಯಸ್ಸಿನಲ್ಲಿ, ರಾವ್ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ತೀರಿಕೊಂಡರು.

ಪ್ರಶ್ನೆ ಕೇಳಿದ ವಿದ್ಯಾರ್ಥಿ ಯಾರು ಗೊತ್ತಾ? ವಿ.ಎಂ. ದಾಂಡೇಕರ್. ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞರಾದರು. 1971ರಲ್ಲಿ ನೀಲಕಂಠ ರಥ್ ಜೊತೆ ಭಾರತದ ಬಡತನವನ್ನು ಅಳೆಯಲು ಹೊರಟವರು ಅವರೇ. ಹಾಗಾಗಿ ಅರ್ಥಶಾಸ್ತ್ರದ ಹುಡುಗರೇ, ಸಂಖ್ಯಾಶಾಸ್ತ್ರದ ಕ್ಲಾಸಿನಲ್ಲಿ ನಿಮಗೇನು ಕೆಲಸ ಅಂತ ಕೇಳಬೇಡಿ.

ಬಿಸಿನೆಸ್ಸಿನವರಿಗೂ ಒಬ್ಬ ಯಜಮಾನ ಇದ್ದಾನೆ. ವಿಲಿಯಂ ಗಾಸೆಟ್. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸ. ಬಾರ್ಲಿಯ ಗುಣ ನೋಡಬೇಕು, ಕೈಗೆ ಸಿಗುವುದು ನಾಲ್ಕೈದು ಮಾದರಿ ಮಾತ್ರ. ಅಷ್ಟರಿಂದ ಎಷ್ಟು ಧೈರ್ಯವಾಗಿ ಮಾತಾಡಬಹುದು ಅನ್ನೋದಕ್ಕೆ ಅವನು ಕಂಡುಕೊಂಡ ದಾರಿಯೇ ಟಿ-ಪರೀಕ್ಷೆ. 1908ರಲ್ಲಿ "ಸ್ಟೂಡೆಂಟ್" ಅನ್ನೋ ಸುಳ್ಳು ಹೆಸರಿನಲ್ಲಿ ಪ್ರಕಟಿಸಿದ. ನಿಮ್ಮ ಪುಸ್ತಕದಲ್ಲಿ "ಸ್ಟೂಡೆಂಟ್ಸ್ ಟಿ" ಅಂತ ಇರುವುದು ವಿದ್ಯಾರ್ಥಿಗಳಿಗೆ ಅಂತ ಅಲ್ಲ. ನಾನು ಓದುವಾಗ ಹಾಗೇ ತಿಳಿದಿದ್ದೆ.

ಪರೀಕ್ಷೆ ಅಂದ ಕೂಡಲೇ ಎಲ್ಲರೂ ಮುಖ ಗಂಟು ಹಾಕಿದಿರಿ. ಆಧಾರಕಲ್ಪನೆಯ ಪರೀಕ್ಷೆ, ಅಂದರೆ ಒಂದು ಊಹೆ ನಿಲ್ಲುತ್ತದೋ ಇಲ್ಲವೋ ಅಂತ ಅಂಕಿಗಳಿಂದ ನೋಡುವುದು, ಕಷ್ಟ ಅಂತ. ಒಂದು ದೋಸೆ ಪಂದ್ಯ ಕಟ್ಟೋಣ. ನಮ್ಮೂರಲ್ಲಿ ಸೌದೆ ಒಲೆಯ ದೋಸೆ, ಗ್ಯಾಸಿನ ದೋಸೆ ಅಂತ ಜಗಳ ಇದ್ದೇ ಇದೆ. "ಕಣ್ಣು ಕಟ್ಟಿ ಕೊಡಿ, ಬಾಯಿಗಿಟ್ಟ ಕೂಡಲೇ ಹೇಳ್ತೀನಿ" ಅನ್ನುವವರು ಎಲ್ಲ ಮನೆಯಲ್ಲೂ ಒಬ್ಬರಾದರೂ ಇದ್ದಾರೆ. ಸರಿ, ಎಂಟು ದೋಸೆ ಕೊಡಿ. ನಾಲ್ಕು ಸೌದೆಯದು, ನಾಲ್ಕು ಗ್ಯಾಸಿನದು, ಚೀಟಿ ಎತ್ತಿ ಹಿಂದೆ ಮುಂದೆ ಮಾಡಿ. ಸೌದೆಯವು ಯಾವ ನಾಲ್ಕು ಅಂತ ಹೇಳಲಿ. ಎಂಟರಲ್ಲಿ ನಾಲ್ಕು ಆರಿಸುವ ವಿಧ 70. ಏನೂ ಗೊತ್ತಿಲ್ಲದೆ ಊಹಿಸಿ ಎಲ್ಲ ಸರಿ ಹೇಳುವ ಸಾಧ್ಯತೆ 70ರಲ್ಲಿ 1, ಅಂದರೆ ಶೇ. 1.4. ಎಲ್ಲ ಸರಿ ಹೇಳಿದರೆ ನಾಲಿಗೆಗೆ ಕೈಮುಗಿಯಬಹುದು. ಒಂದು ತಪ್ಪಿ ಮೂರು ಸರಿ ಬಂದರೆ? "ಮುಕ್ಕಾಲು ಸರಿ, ಸಾಕಲ್ಲ" ಅನ್ನಿಸುತ್ತದೆ. ಆದರೆ ಬರೀ ಊಹೆಯಲ್ಲೇ ಮೂರು ಅಥವಾ ಹೆಚ್ಚು ಸರಿ ಬರುವ ಸಾಧ್ಯತೆ 70ರಲ್ಲಿ 17. ಸುಮಾರು ಶೇ. 24. ಅದನ್ನು ನಂಬೋಕಾಗಲ್ಲ. ಈ ಪಂದ್ಯ ನನ್ನದಲ್ಲ. ಇಂಗ್ಲೆಂಡಿನಲ್ಲಿ ಆರ್.ಎ. ಫಿಶರ್ 1935ರಲ್ಲಿ ಎಂಟು ಕಪ್ ಚಹಾ ಇಟ್ಟುಕೊಂಡು ಬರೆದದ್ದು. ಮೊದಲು ಹಾಲು ಹಾಕಿದ್ದೋ, ಚಹಾ ಹಾಕಿದ್ದೋ ಅಂತ ಒಬ್ಬ ಹೆಂಗಸು ರುಚಿ ನೋಡಿ ಹೇಳಬೇಕಿತ್ತು. ನಾನು ಬೆಣ್ಣೆ ಹಚ್ಚಿದ್ದೇನೆ ಅಷ್ಟೇ.

ಕಾಲಶ್ರೇಣಿಗೆ, ಅಂದರೆ ಕಾಲಕ್ರಮದಲ್ಲಿ ಬರೆದಿಟ್ಟ ಅಂಕಿಗಳ ಸಾಲಿಗೆ, ಒಂದೇ ಉದಾಹರಣೆ. ಹಿರಿಯೂರಿನ ಮಾರಿಕಣಿವೆ, ವಾಣಿ ವಿಲಾಸ ಸಾಗರ. 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷ ಆದಮೇಲೆ. ಹಾಗಾದರೆ ಮುಂದಿನದು 2111ಕ್ಕಾ? 2025ರ ಜನವರಿಯಲ್ಲೇ ಮತ್ತೆ ಬಿತ್ತು. ಹಳೇ ಅಂಕಿಗಳು ಬರೀ ವೇದಾವತಿಯ ಕಥೆ ಹೇಳುತ್ತಿದ್ದವು. ಈಚೆಗೆ ಅದಕ್ಕೆ ಭದ್ರೆಯ ನೀರೂ ಸೇರುತ್ತಿದೆ. ಸರಾಸರಿ ತೆಗೆಯುವ ಮೊದಲು ಹಳೇ ಕೆರೆಯೂ ಈಗಿನ ಕೆರೆಯೂ ಒಂದೇನಾ ಅಂತ ನೋಡಬೇಕು.

ನನ್ನದೊಂದು ತಕರಾರೂ ಇದೆ. ಪ್ರಶ್ನೆಪತ್ರಿಕೆ ಮಾಡುವವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಅಂದಾಜು ಸರಾಸರಿ ವಿಧಾನ, ಹಂತ ವಿಚಲನೆ ವಿಧಾನ ಅಂತ ಪುಟಗಟ್ಟಲೆ ಲೆಕ್ಕ ಮಾಡಿಸುತ್ತೇವಲ್ಲ, ಅದು ಕ್ಯಾಲ್ಕುಲೇಟರ್ ಇಲ್ಲದ ಕಾಲದ ಜಾಣತನ. ಆಗ ಬೇಕಿತ್ತು. ಈಗ ಮಕ್ಕಳು ಕಾಲಂ ಎಳೆಯೋದರಲ್ಲೇ ಸುಸ್ತಾಗಿ, ಬಂದ ಉತ್ತರ ಏನು ಹೇಳುತ್ತದೆ ಅಂತ ಒಂದು ಸಾಲೂ ಬರೆಯಲ್ಲ. ನಾನೂ ಬರೆದಿರಲಿಲ್ಲ. ಅದಕ್ಕೇ ಹಿಟ್ಟು ಹುಳಿಯಾಗಿದ್ದು. ಏಳು ಅಂಕಿ ತಗೊಂಡು ಒಂದು ಸಲ ಕೈಯಾರೆ ಮಾಡಿ. ಎಂಟನೇ ಅಂಕಿಯಿಂದ ಕಂಪ್ಯೂಟರಿಗೆ ಬಿಡಿ.

ಇಷ್ಟು ಹೇಳಿ ಕೂತೆ. ಪ್ರಶ್ನೆ ಇದೆಯಾ ಅಂದಾಗ ಮೊದಲು ಎದ್ದವನು ಕಾರಿಡಾರಿನ ಅದೇ ಹುಡುಗ. "ಎಲ್ಲಾ ಎಕ್ಸೆಲ್ ಮಾಡುತ್ತಲ್ಲ ಮೇಡಂ, ನಾವ್ಯಾಕೆ ಕಲೀಬೇಕು?" ಅಂದ. 200 ಅಂತ ಎಕ್ಸೆಲ್ಲೂ ಹೇಳುತ್ತಿತ್ತು, ನನಗಿಂತ ಬೇಗ ಹೇಳುತ್ತಿತ್ತು ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಆಮೇಲೆ ಹಿಂದಿನ ಬೆಂಚಿನಿಂದ ಹರಿಹರದ ಕಡೆಯ ಒಬ್ಬ ಹುಡುಗಿ ಎದ್ದಳು. "ಮೇಡಂ, ಮಾರ್ಕೆಟ್ ರೇಟಿನಲ್ಲಿ ಕನಿಷ್ಠ, ಗರಿಷ್ಠ ಆದಮೇಲೆ ಮೋಡಲ್ ಅಂತ ಒಂದು ಹಾಕಿರ್ತಾರೆ. ನಮ್ಮಪ್ಪಂಗೆ ಯಾವತ್ತೂ ಆ ರೇಟ್ ಸಿಕ್ಕಿಲ್ಲ. ಅದು ಸುಳ್ಳಾ?"

ಸುಳ್ಳಲ್ಲ. ಅದು ಬಹುಲಕ. ಆ ದಿನ ಜಾಸ್ತಿ ಮಾಲು ಯಾವ ಬೆಲೆಗೆ ಹೋಯಿತೋ ಆ ಬೆಲೆ. ಅದು ಮಾರುಕಟ್ಟೆಯ ಸುದ್ದಿ, ಅವಳ ಅಪ್ಪನ ಲಾಟಿನ ಸುದ್ದಿಯಲ್ಲ. ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವಿನ ಅಂತರ ಎಷ್ಟು, ತೇವಾಂಶಕ್ಕೆ ಅದರಲ್ಲಿ ಎಷ್ಟು ಪಾಲು ಅಂತ ನೋಡಬೇಕು. "ದೋಸೆಗೆ ವಾರದ ಕೊನೆ ಹೇಗೋ, ಮೆಕ್ಕೆಜೋಳಕ್ಕೆ ತೇವ ಹಾಗೆ. ಒಂದು ದಿನ ಯಾರ್ಡಿನಲ್ಲಿ ನಿಂತು ಲಾಟ್ ಲಾಟಿನ ಬೆಲೆ, ತೇವ ಎರಡನ್ನೂ ಬರೆದುಕೊಂಡು ಬಾ" ಅಂದೆ. ಬರಲಿಕ್ಕಿಲ್ಲ ಅಂದುಕೊಂಡಿದ್ದೆ.

ಬಂದಳು. ಹಳೇ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ 23 ಲಾಟಿನ ಬೆಲೆ, ಪಕ್ಕದಲ್ಲಿ ತೇವಾಂಶ. ಎರಡು ಕಡೆ ಮಳೆ ಹನಿ ಬಿದ್ದು ಶಾಯಿ ಹರಡಿದೆ. ಒಂದು ಲಾಟಿನ ಪಕ್ಕ ಸಣ್ಣದಾಗಿ "ಅಪ್ಪಂದು" ಅಂತ ಬರೆದಿದ್ದಾಳೆ. ನಾಳೆ ಎರಡನೇ ಪೀರಿಯಡ್ಡಿನಲ್ಲಿ ಅದನ್ನೇ ಬೋರ್ಡ್ ಮೇಲೆ ಹಾಕುತ್ತೇನೆ.